ಮೂವತ್ತೆಂಟು ಇಂಚಿನ ಪ್ಯಾಂಟು

೧೯೭೯ರ ಮಾರ್ಚ್ ೧೨, ಸೋಮವಾರ. ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷ. ಕೂಡ್ಲಿಗಿ.

ಯಾವುದನ್ನಾದರೂ ಬರೆದಿಟ್ಟರೆ ಅದರ ಬಗ್ಗೆ ಏನೋ ಮಾಡಿದಂತಾಯಿತು ಎಂದು ನಾನು ಬಹಳ ದಿನ ನಂಬಿದ್ದೆ. ಮಳೆ ಬಂದ ದಿನ, ಬಸ್ಸು ತಡವಾದ ನಿಮಿಷ, ಬೆಕ್ಕು ಹಾಕಿದ ಮರಿ, ಎಲ್ಲಕ್ಕೂ ನನ್ನ ನೋಟ್‌ಬುಕ್ಕಿನಲ್ಲಿ ಒಂದೊಂದು ಪುಟವಿದೆ. ಕಳೆದ ಅಕ್ಟೋಬರಿನಿಂದ ಅಪ್ಪನ ಸೊಂಟಕ್ಕೂ ಒಂದಿದೆ. ಮೊದಲಿದ್ದದ್ದು ಮೂವತ್ತೆಂಟು ಇಂಚು. ಅಕ್ಟೋಬರ್ ೧೪ಕ್ಕೆ ಮೂವತ್ತಾರೂವರೆ. ಡಿಸೆಂಬರ್ ೨ಕ್ಕೆ ಮೂವತ್ತೈದು. ಜನವರಿ ೧೩ಕ್ಕೆ ಮೂವತ್ಮೂರೂವರೆ. ಫೆಬ್ರವರಿ ೧೭ಕ್ಕೆ ಮೂವತ್ತೆರಡು. ಕೆಳಗೆ ಸ್ಕೇಲಿಟ್ಟು ಗೆರೆ ಎಳೆದಿದ್ದೇನೆ. ಗೆರೆ ಬಹಳ ನೇರವಾಗಿ ಬಂದಿದೆ.

ಅಪ್ಪ ಹೊಸಹಳ್ಳಿ ಶಾಲೆಯ ಹೆಡ್‌ಮಾಸ್ತರು. ಹೆಡ್‌ಮಾಸ್ತರಾದ ವರ್ಷವೇ ಶಾಲೆಗೆ ಪಂಚೆ ಉಡುವುದನ್ನು ಬಿಟ್ಟು ಪ್ಯಾಂಟಿಗೆ ಬಂದರು. ಹೊಲಿದವಳು ಅವ್ವ. ಮಹಿಳಾ ಸಮಾಜದಲ್ಲಿ ಆರು ತಿಂಗಳು ಜಂಪರು, ಲಂಗ, ಚಡ್ಡಿ ಕಲಿತವಳು ಸೋದರಮಾವನ ಹಳೆಯ ಪ್ಯಾಂಟೊಂದನ್ನು ಪೂರ್ತಿ ಬಿಚ್ಚಿ, ಅದನ್ನು ನೋಡಿಕೊಂಡು ಟೆರಿಕಾಟ್ ಬಟ್ಟೆ ಕತ್ತರಿಸಿದಳು. ಅಪ್ಪನಿಗೆ ಟೇಪು ಕೂಡ ಹಿಡಿಯಲಿಲ್ಲ. “ದಿನಾ ನೋಡೋ ಮನಷ್ಯಾಗ ಅಳತಿ ಯಾಕ ಬೇಕು?” ಅಂದಳು.

ದಿನಾ ನೋಡುವವರಿಗೇ ಕಾಣುವುದಿಲ್ಲ ಎಂಬುದು ನಮ್ಮ ಮನೆಯಲ್ಲಿ ಯಾರಿಗೂ ಹೊಳೆದಿರಲಿಲ್ಲ. ಅದರಲ್ಲಿ ಪಂಚೆಯ ಪಾತ್ರವೂ ಇದೆ. ಅಪ್ಪ ಮನೆಗೆ ಬಂದೊಡನೆ ಪಂಚೆ ಸುತ್ತಿ ಟವಲು ಹೊದ್ದುಬಿಡುತ್ತಾರೆ. ಪಂಚೆಯಷ್ಟು ಗುಟ್ಟು ಕಾಪಾಡುವ ಉಡುಪು ಇನ್ನೊಂದಿಲ್ಲ. ದಪ್ಪಗಿರುವವನಿಗೂ ಸೊರಗಿದವನಿಗೂ ಅದು ಸಮನಾಗಿ ಒಪ್ಪುತ್ತದೆ. ಪ್ಯಾಂಟು ಚಾಡಿಕೋರ. ಹಳೆಯ ಕವಿಗಳು ಹೆಣ್ಣಿನ ಬಡನಡುವನ್ನು ಬಾಯ್ತುಂಬ ಹೊಗಳಿದ್ದಾರೆ ನಿಜ. ಆದರೆ ಅವರ್ಯಾರೂ ಐವತ್ತು ದಾಟಿದ ಮಾಸ್ತರ ಬಡನಡುವನ್ನು ನೋಡಿ ಬರೆದಂತೆ ಕಾಣುವುದಿಲ್ಲ.

ನಾನು ಹೊಸಹಳ್ಳಿಯ ಗೊಬ್ಬರದ ಅಂಗಡಿಯೊಂದರಲ್ಲಿ ಗುಮಾಸ್ತ. ಅಪ್ಪ ತಮ್ಮ ಎರಡು ಪ್ಯಾಂಟುಗಳಲ್ಲಿ ಒಂದನ್ನು ತೊಟ್ಟು, ಇನ್ನೊಂದನ್ನು ಚೀಲದಲ್ಲಿ ಹಾಕಿ ನನ್ನ ಕೈಗೆ ಕೊಡುತ್ತಿದ್ದರು. “ಟೇಲರ್ ಕಡೆ ಒಳಗ ಹಿಡಸ್ಕೊಂಡ್ ಬಾ. ನಿಮ್ಮವ್ವಗ ಹೇಳಬ್ಯಾಡ. ಪರೀಕ್ಷಿ ಮುಗೀಲಿ, ಬಳ್ಳಾರಿಗಿ ಹೋಗಿ ಡಾಕ್ಟರಿಗಿ ತೋರಸ್ತೀನಿ.” ನಾನು ಹೇಳಲಿಲ್ಲ. ಬರೆದುಕೊಂಡೆ.

ಟೇಲರ್ ಖಾದರ್‌ಸಾಬರು ಹಿಂದಿನ ಹೊಲಿಗೆ ಬಿಚ್ಚಿ, ಒಳಗೆ ಹಿಡಿದು ಹೊಲಿದು ಕೊಡುತ್ತಿದ್ದರು. ಒಳಗೆ ಹಿಡಿದಷ್ಟೂ ಎರಡು ಪಕ್ಕದ ಜೇಬುಗಳು ಹಿಂದಕ್ಕೆ ಸರಿಯುತ್ತವೆ. ನಾಲ್ಕನೆಯ ಸಲ ಅವರು ಪ್ಯಾಂಟನ್ನು ಎತ್ತಿ ಹಿಡಿದು, “ಮಾಸ್ತರ ಮಗಾ, ಇನ್ನೊಂದ್ ಸಲ ಹಿಡುದ್ರ ಎರಡೂ ಜೇಬು ಕೂಡಿ ಒಂದ ಆಗ್ತಾವ ನೋಡ್ರಿ” ಎಂದು ನಕ್ಕರು. ನಾನೂ ನಕ್ಕೆ. ಆಮೇಲೆ ಅವರು ನಗು ನಿಲ್ಲಿಸಿ, “ಮಾಸ್ತರು ಅರಾಮ ಅದಾರಿಲ್ಲ?” ಎಂದು ಕೇಳಿದರು. “ಅದಾರ್ರಿ” ಅಂದೆ.

“ಟೆರಿಕಾಟ್ ಬಡಿದ್ರ ಹಾಳಾಗತೈತಿ” ಎಂದು ಅಪ್ಪ ಪ್ಯಾಂಟನ್ನು ತಾವೇ ಒಗೆದುಕೊಳ್ಳುತ್ತಿದ್ದರು. ಫೆಬ್ರವರಿ ೨೭ರಂದು ಜ್ವರ ಬಂದು ಏಳಲಾಗಲಿಲ್ಲ. ಅವ್ವ ಒಗೆಯಲು ತೆಗೆದುಕೊಂಡಳು. ತಿರುವಿ ನೋಡಿದರೆ ಒಳಗೆ ತನ್ನದಲ್ಲದ ಹೊಲಿಗೆ.

“ಯಾರ ಕೈಲಿ ಹೊಲಸೀರಿ ಇದನ್ನ?”

“ಸ್ವಲ್ಪ ಸಡ್ಲ ಆಗಿತ್ತು...”

“ಸಡ್ಲ? ಇಷ್ಟ್ ವರ್ಷ ಸಡ್ಲ ಆಗಿದ್ದಿಲ್ಲ! ಟೇಲರ್ ಹೊಲಿಗಿನ ಬೇಕಂದ್ರ ಬಾಯಿ ಬಿಟ್ಟು ಹೇಳಬೇಕಿತ್ತು. ಕದ್ದು ಹೊಲಸೋದೇನು, ನಾ ಏನು ಪರದೇಶದಾಕಿ?”

ಅಪ್ಪ ತಲೆ ತಗ್ಗಿಸಿ ತಪ್ಪೊಪ್ಪಿಕೊಂಡರು. ತಪ್ಪು ಇಲ್ಲದ ಕಡೆ ಒಪ್ಪಿಕೊಳ್ಳುವುದು ಅವರಿಗೆ ಸುಲಭವಾಯಿತು. ಅವ್ವ ಹನ್ನೆರಡು ದಿನ ಅವರೊಡನೆ ಮಾತಾಡಲಿಲ್ಲ. ತಾಟನ್ನು ಸದ್ದು ಮಾಡಿ ಇಡುತ್ತಿದ್ದಳು. “ಈಗಾದ್ರೂ ಹೇಳಿಬಿಡ್ರಿ” ಎಂದು ನಾನು ಹಿತ್ತಲಲ್ಲಿ ಪಿಸುಗುಟ್ಟಿದರೆ ಅಪ್ಪ ಅಂದರು: “ಸುಮ್ನಿರಲೇ. ಸಿಟ್ಟು ಬಂದ್ರ ಊಟಾನಾದ್ರೂ ಮಾಡ್ತಾಳ. ಹೆದರಿದ್ರ ಅದೂ ಇಲ್ಲ.”

ನಿನ್ನೆ ಭಾನುವಾರ. ಅವ್ವ ಬೆಳಿಗ್ಗೆಯೇ ಮಿಷಿನ್ನಿನ ಮುಂದೆ ಕೂತು, ಟೇಲರನ ಹೊಲಿಗೆಯನ್ನೆಲ್ಲ ಬ್ಲೇಡಿನಿಂದ ಬಿಚ್ಚಿ, ತನ್ನ ಹಳೆಯ ಅಳತೆಗೇ ಮತ್ತೆ ಹೊಲಿದಳು. ಬಟ್ಟೆಯಲ್ಲಿ ನಾಲ್ಕು ಸಾಲು ತೂತುಗಳು ಉಳಿದವು. ಕಾಟನ್ನಾಗಿದ್ದರೆ ಎರಡು ಒಗೆತಕ್ಕೆ ಮುಚ್ಚಿಕೊಳ್ಳುತ್ತಿದ್ದವು. ಟೆರಿಕಾಟಿಗೆ ಮರೆವು ಇಲ್ಲ. ಸಿಟ್ಟಿನಲ್ಲಿ ಅವ್ವ ಅವನ್ನು ಎಣಿಸಲಿಲ್ಲ.

“ಹಾಕ್ಕೊಳ್ರಿ. ಯಾರ ಹೊಲಿಗಿ ಚಲೋ ಐತಿ ನೋಡೋಣು.”

ಅಪ್ಪ ನನ್ನ ಮುಖ ನೋಡಿದರು. ನಾನು ಗೋಡೆ ನೋಡಿದೆ. ಅವರು ಒಳಗೆ ಹೋಗಿ ತೊಟ್ಟುಕೊಂಡು ಬಂದರು. ಪ್ಯಾಂಟನ್ನು ಎರಡೂ ಕೈಯಿಂದ ಹಿಡಿದುಕೊಂಡು ನಿಂತಿದ್ದರು. ಒಂದು ಕೈ ಬಿಟ್ಟಿದ್ದರೂ ಅದು ನಿಲ್ಲುತ್ತಿರಲಿಲ್ಲ.

ಅವ್ವ ಬಹಳ ಹೊತ್ತು ನೋಡಿದಳು. ಅವಳ ಬಾಯಿಂದ ಬಂದದ್ದು ಒಂದೇ ಮಾತು: “ಬಳ್ಳಾರಿಗಿ ಮೊದ್ಲ ಬಸ್ಸು ಎಷ್ಟಕ್ಕೈತಿ?”

ಆರಕ್ಕೆ ಎಂದು ಹೇಳಿದವನು ನಾನೇ. ಆ ಪುಟವೂ ನನ್ನಲ್ಲಿದೆ.

ಅಪ್ಪ ಗೋಡೆ ಹಿಡಿದು ನಿಂತರು. ಅವ್ವ ಅವರ ಮೈಮೇಲೆಯೇ ಬಟ್ಟೆ ಒಳಗೆ ಹಿಡಿದು ಸುಣ್ಣದಕಡ್ಡಿಯಿಂದ ಗುರುತು ಹಾಕಿ, ಮತ್ತೆ ಹೊಲಿದಳು. ಬಂದದ್ದು ಮೂವತ್ತೊಂದು. ಇಷ್ಟು ಬಟ್ಟೆ ಒಳಗುಳಿದರೆ ಬೆನ್ನಿಗೆ ಗಂಟು ಕಟ್ಟಿದಂತಾಗುತ್ತದೆ. ಕತ್ತರಿಸಿಬಿಡುವುದು ರೂಢಿ. ಅವ್ವ ಕತ್ತರಿ ಮುಟ್ಟಲಿಲ್ಲ.

“ಬಸ್ಸಿನ್ಯಾಗ ಕುಂತ್ರ ಒತ್ತತೈತಲ್ಲೇ” ಅಂದರು ಅಪ್ಪ.

“ಒತ್ತಲಿ. ಮುಂದ ಮೈ ತುಂಬಿದಾಗ ಬಿಚ್ಚಾಕ ಬೇಕಾಗತೈತಿ.”

ಈ ಬೆಳಿಗ್ಗೆ ಆರಕ್ಕೆ ಇಬ್ಬರನ್ನೂ ಬಸ್ಸು ಹತ್ತಿಸಿ ಬಂದು ಇದನ್ನು ಬರೆಯುತ್ತಿದ್ದೇನೆ. ಡಾಕ್ಟರು ಏನು ಹೇಳುವರೋ ಸಂಜೆಯವರೆಗೆ ತಿಳಿಯುವುದಿಲ್ಲ. ಒಳಗೆ ಹಿಡಿಯುವುದರ ಬಗ್ಗೆ ನನಗೀಗ ಸಾಕಷ್ಟು ಗೊತ್ತು; ಬಿಚ್ಚುವುದರ ಬಗ್ಗೆ ಏನೂ ಗೊತ್ತಿಲ್ಲ. ಏಳು ಇಂಚು ಒಳಗೆ ಹೋದ ಪ್ಯಾಂಟನ್ನು ಮತ್ತೆ ಬಿಚ್ಚಿಸಿಕೊಂಡು ತೊಟ್ಟವರು, ಅಥವಾ ಅಂಥವರನ್ನು ಕಣ್ಣಾರೆ ಕಂಡವರು ಓದುಗರಲ್ಲಿ ಯಾರಾದರೂ ಇದ್ದರೆ ದಯವಿಟ್ಟು ಬರೆದು ತಿಳಿಸಿ. ತಿಂಗಳಿಗೆ ಎಷ್ಟು ಬಿಚ್ಚಿದಿರಿ? ಕಾಲು ಇಂಚಾದರೂ ಸರಿ, ಬರೆಯಿರಿ.