ಹಿಂದಿನ ಸೀಟಿನ ತೊಡೆ

ನನಗೆ ಕಣ್ಣು ಕಾಣದು. ಅದರ ಬೇಸರ ಹೋಗಿ ಎಷ್ಟೋ ಕಾಲವಾಯಿತು. ನನ್ನನ್ನು ಕೇಳಬೇಕಾದ್ದನ್ನು ಪಕ್ಕದಲ್ಲಿರುವವರನ್ನು ಕೇಳುತ್ತಾರಲ್ಲ, ಅದಕ್ಕೆ ಮಾತ್ರ ಈಗಲೂ ಮೈ ಉರಿಯುತ್ತದೆ.

ಭಾನುವಾರ ಬೆಳಿಗ್ಗೆ ನಾನೂ ನನ್ನ ಗೆಳೆಯನೂ ಇಬ್ಬರು ಸೇರಿ ತುಳಿಯುವ ಉದ್ದನೆಯ ಸೈಕಲ್ಲಿನಲ್ಲಿ ವಿಮಾನಪುರದಿಂದ ಕೆ.ಆರ್. ಪುರದ ತೂಗುಸೇತುವೆಯವರೆಗೆ ಹೋಗಿಬರುತ್ತೇವೆ. ಅವನು ಶಿವಾಜಿನಗರದ ಬಟ್ಟೆ ವ್ಯಾಪಾರಿ. ಮುಂದಿನ ಸೀಟು, ಹ್ಯಾಂಡಲ್ಲು, ಬ್ರೇಕು ಎಲ್ಲ ಅವನದು. ಹಿಂದಿನ ಸೀಟು ನನ್ನದು. ಸೇತುವೆಯ ಏರು ಬಂತೆಂದರೆ ಅವನು "ಯಾ ಅಲ್ಲಾ, ಸತ್ತೆ!" ಎಂದು ನರಳುತ್ತಾನೆ. ಪಾಪ, ನನ್ನ ಭಾರವನ್ನೂ ಎಳೆಯುತ್ತಿದ್ದಾನಲ್ಲ ಎಂದು ನಾನು ಉಸಿರು ಕಟ್ಟಿ ತುಳಿಯುತ್ತೇನೆ.

ಒಂದು ಸಲ ವಾಪಸ್ಸು ಬರುವಾಗ ಹೊಸ ತಿಪ್ಪಸಂದ್ರದಲ್ಲಿ ಟೀ ಕುಡಿಯಲು ನಿಂತೆವು. ಅಂಗಡಿಯವನು ನನ್ನ ಗೆಳೆಯನನ್ನು ಕೇಳಿದ: "ಸರ್, ಹಿಂದ್ಗಡೆ ಅವ್ರೂ ತುಳೀತಾರಾ?"

"ಇಲ್ಲ ಗುರು, ಅವ್ನು ಲಗೇಜು," ಎಂದು ಗೆಳೆಯ ನಕ್ಕ.

ನಾನೂ ನಕ್ಕೆ. ಆದರೆ ಮಾತು ಚುಚ್ಚಿತು. ಆ ಸೈಕಲ್ಲಿನಲ್ಲಿ ಮುಂದಿನ ಪೆಡಲ್ ತಿರುಗಿದರೆ ಹಿಂದಿನದೂ ತಾನಾಗಿ ತಿರುಗುತ್ತದೆ. ನಾನು ನಿಜವಾಗಿ ತುಳಿಯುತ್ತಿದ್ದೇನೋ, ಸುಮ್ಮನೆ ಕಾಲಾಡಿಸುತ್ತಿದ್ದೇನೋ?

ಗೆಳೆಯನ ಮಗಳು ಫಿಸಿಯೋಥೆರಪಿ ಓದುತ್ತಾಳೆ. ಇದನ್ನು ಪತ್ತೆ ಮಾಡಿಕೊಡು ಎಂದು ಅವಳ ಬೆನ್ನುಬಿದ್ದೆ. ಮುಂದಿನ ಭಾನುವಾರ ಅವಳು ನಮ್ಮಿಬ್ಬರ ತೊಡೆಗೂ ಬೆಂಕಿಪೊಟ್ಟಣದಷ್ಟಿರುವ ಯಂತ್ರ ಕಟ್ಟಿದಳು. ಚರ್ಮದೊಳಕ್ಕೆ ಬೆಳಕು ಬಿಟ್ಟು, ಅಲ್ಲಿನ ರಕ್ತದಲ್ಲಿ ಆಕ್ಸಿಜನ್ ಎಷ್ಟು ಉಳಿದಿದೆ ಎಂದು ಅದು ಅಳೆಯುತ್ತದಂತೆ.

ಸುತ್ತು ಮುಗಿಸಿ ಬಂದಾಗ ಅವಳು ಅದೇ ಟೀ ಅಂಗಡಿಯಲ್ಲಿ ಕಾಯುತ್ತಿದ್ದಳು. ಫೋನ್ ನೋಡಿ ಹೇಳತೊಡಗಿದಳು.

"ಅಂಕಲ್, ಸಮ ರಸ್ತೇಲಿ ನಿಮ್ಮ ಆಕ್ಸಿಜನ್ ಸ್ವಲ್ಪ ಇಳಿದು ಅಲ್ಲೇ ನಿಂತಿದೆ. ಮಾಂಸಖಂಡ ಖರ್ಚು ಮಾಡಿದಷ್ಟನ್ನ ರಕ್ತ ತಂದ್ಕೊಡ್ತಾ ಇದೆ. ಗರುಡಾಚಾರ್‌ಪಾಳ್ಯದ ಹತ್ರ ಜೋರಾಗಿ ತುಳಿದ್ರಾ?"

"ನಾಯಿ ಅಟ್ಟಿಸ್ಕೊಂಡು ಬಂತು."

"ಅದಕ್ಕೇ ದಡಕ್ಕಂತ ಬಿದ್ದಿದೆ. ನಿಂತ ತಕ್ಷಣ ಮೇಲೆದ್ದಿದೆ."

"ಏರಲ್ಲಿ?" ಎಂದೆ.

"ಏರು ಮುಗಿಯೋವರೆಗೂ ತಳದಲ್ಲೇ ಇದೆ. ರಕ್ತ ಎಷ್ಟು ತಂದ್ರೂ ಸಾಲ್ತಿಲ್ಲ, ಅಷ್ಟು ತುಳಿದಿದೀರ!"

ಎದ್ದು ಕುಣಿಯುವಷ್ಟು ಖುಷಿಯಾಯಿತು. "ನಿಮ್ಮಪ್ಪಂದು?"

ಹುಡುಗಿ ಕಿಸಕ್ಕೆಂದಳು. "ಅಬ್ಬಾದು ಏರಲ್ಲೂ ಸಮ ರಸ್ತೆ ಥರಾನೇ ಇದೆ."

"ಹಾಗಾದ್ರೆ ಆ ನರಳಾಟ ಏನೋ?"

"ಏರು ಬಂತು ಅಂತ ನಿಂಗೆ ಗೊತ್ತಾಗ್ಲಿ ಅಂತ ಶುರು ಮಾಡಿದ್ದು ಮಗಾ," ಎಂದ ಪುಣ್ಯಾತ್ಮ, ಒಂದಿಷ್ಟೂ ನಾಚಿಕೆಯಿಲ್ಲದೆ. "ನಾನು ನರಳಿದ್ರೆ ಗಾಡಿ ತಾನಾಗೇ ಹತ್ತತ್ತೆ. ಆಮೇಲೆ ಬಿಡೋಕೆ ಮನಸ್ಸಾಗ್ಲಿಲ್ಲ."

ಬೈಯಲು ಬಾಯಿ ತೆರೆದರೆ ನಗು ಬಂತು. ಅಷ್ಟರಲ್ಲಿ ಅಂಗಡಿಯವನು ಟೀ ತಂದ. "ಸರ್, ಅವ್ರಿಗೆ ಸುಸ್ತಾಗಿದ್ಯಾ? ಬೆವೆತು ಹೋಗಿದ್ದಾರೆ," ಎಂದ, ಎಂದಿನಂತೆ ನನ್ನ ಗೆಳೆಯನಿಗೆ.

"ನನ್ನನ್ಯಾಕೆ ಕೇಳ್ತೀರಾ? ನಾನು ಲಗೇಜು. ಎಳ್ಕೊಂಡು ಬಂದಿದ್ದು ಅವ್ರು, ಅವ್ರನ್ನೇ ಕೇಳಿ."

ಅಂಗಡಿಯವನ ದನಿ ನನ್ನ ಕಡೆ ತಿರುಗಿತು. "ಸುಸ್ತಾಯ್ತಾ ಸರ್?"

"ಇಲ್ಲ," ಎಂದೆ. "ಇನ್ನೊಂದು ಏರು ಇದ್ರೆ ಹೇಳಿ."