ದೊಡ್ಡಪ್ಪನ ತಾಡಪಾಲು

ಹೋದ ವಾರ ಮೆಕ್ಕೆಜೋಳದ ರಾಶಿ ಮುಚ್ಚಲಿಕ್ಕೆಂದು ಅಟ್ಟದ ಮೇಲಿನ ಹಳೇ ತಾಡಪಾಲು ಇಳಿಸಿದೆವು. ಮಡಿಕೆ ಬಿಚ್ಚಿದ ಕೂಡಲೇ ಡೀಸೆಲ್ಲು, ಒಣ ಹುಲ್ಲು, ಒಲೆಯ ಹೊಗೆ ಎಲ್ಲಾ ಕೂಡಿದ ವಾಸನೆ ಮೂಗಿಗೆ ಬಡಿಯಿತು. ನಾನು ಅಲ್ಲೇ ಕುಂತುಬಿಟ್ಟೆ. ದೊಡ್ಡಪ್ಪನ ವಾಸನೆ ಅದು...

ನಮ್ಮಪ್ಪನ ಅಣ್ಣ ಅವನು. ಹೊಸಹಳ್ಳಿ ಕಡೆಯ ನಮ್ಮೂರಲ್ಲಿ ಅವನಷ್ಟು ಮೆತ್ತನೆ ಮನುಷ್ಯನೂ ಇರಲಿಲ್ಲ, ಅವನಷ್ಟು ಹಟಮಾರಿಯೂ ಇರಲಿಲ್ಲ. ಹಡಗಲಿ ಹತ್ತಿರದ ಹಳ್ಳಿಗೆ ಕೊಟ್ಟಿದ್ದ ಅವನ ತಂಗಿ, ಅಂದರೆ ನಮ್ಮತ್ತೆ, ಹೊಸ ಮನೆಗೆ ಒಕ್ಕಲಾದ ದಿನ ಇವನು ಪಂಕ್ತಿಯಲ್ಲಿ ಊಟಕ್ಕೆ ಕುಂತಿದ್ದನಂತೆ. ಎಲೆಗೆ ಉಪ್ಪೂ ಬಿದ್ದಿತ್ತು. ಅಷ್ಟರಲ್ಲಿ ಯಾರೋ ದೊಡ್ಡ ಮನುಷ್ಯರು ಬಂದರೆಂದು ಅತ್ತೆಯ ಗಂಡ, ನಮ್ಮ ಮಾಮ, "ಸ್ವಲ್ಪ ಏಳ್ರಿ, ಮುಂದಿನ ಪಂಕ್ತಿಗೆ ಕುಂದರೀರಂತ" ಅಂದುಬಿಟ್ಟ. ದೊಡ್ಡಪ್ಪ ಎದ್ದವನೇ ಸೀದಾ ಬಸ್ಸು ಹತ್ತಿದ. ಆ ಹೊಸ್ತಿಲು ತುಳಿಯಂಗಿಲ್ಲ, ಆ ಮನೆಯ ನೀರೂ ಕುಡಿಯಂಗಿಲ್ಲ ಅಂತ ಆಣೆ ಮಾಡಿದ. ಎಂಟು ವರ್ಷ ಆ ಊರ ಕಡೆಗೇ ತಲೆ ಹಾಕಲಿಲ್ಲ.

ತೊಂಬತ್ತರ ದಶಕದ ಕೊನೆಗೆ ಅತ್ತೆಯ ಮಗಳ ಕುಬಸ ಬಂತು. ಚೊಚ್ಚಲ ಬಸುರಿ ಸೋದರಮಾವ ಕೊಟ್ಟ ಹಸಿರು ಸೀರೆ ಉಟ್ಟೇ ಉಡಿ ತುಂಬಿಸಿಕೊಳ್ಳಬೇಕು. "ಅಣ್ಣ ಬರಲಿಲ್ಲಂದ್ರ ಕುಬಸಾನ ಮಾಡಂಗಿಲ್ಲ" ಅಂತ ಅತ್ತೆ ಹೇಳಿ ಕಳಿಸಿದಳು. ದೊಡ್ಡಪ್ಪ ಎರಡು ದಿನ ಹೊಲ ಬಿಟ್ಟು ಮನೆಗೇ ಬರಲಿಲ್ಲ. ಮೂರನೇ ದಿನ, "ಹೋಗೋಣು. ಆದ್ರ ಅವರ ಮನಿ ಮುಂದಿನ ಕಣದಾಗ ಡೇರೆ ಹಾಕ್ಕೊಂಡು ಇರೋಣು" ಅಂದ.

ಏನು ಹೇಳಲಿ ಆ ಗದ್ದಲ! ಆ ಮನೆಯಿಂದ ಚಿಟಿಕೆ ಉಪ್ಪೂ ಕೇಳಬಾರದಲ್ಲ. ಟ್ರಾಕ್ಟರಿನ ಟ್ರೇಲರಿಗೆ ತಾಡಪಾಲು, ಬಿದಿರು ಗಳ, ಕಟ್ಟಿಗೆ, ಪಾತ್ರೆ, ರೊಟ್ಟಿ ಬುತ್ತಿ, ಎರಡು ಡ್ರಮ್ಮು ನೀರು, ಹಾಸಿಗೆ, ಅದರ ಮೇಲೆ ನಾವು ಹನ್ನೊಂದು ಮಂದಿ. "ಆಣಿ ಇವರ್ದು, ಹೊರೋದು ನಾವು!" ಅಂತ ದೊಡ್ಡವ್ವ ದಾರಿಯುದ್ದಕ್ಕೂ ಬೈದಳು. ಕೊಟ್ಟೂರು ದಾಟಿದ ಮೇಲೆ ಟ್ರೇಲರು ಗುಂಡಿಗೆ ಬಿದ್ದು ಒಂದು ಡ್ರಮ್ಮು ಪೂರ್ತಿ ಹಾಸಿಗೆ ಮೇಲೆ ಉರುಳಿತು. ಹಗರಿಬೊಮ್ಮನಹಳ್ಳಿಯಲ್ಲಿ ಚಹಾಕ್ಕೆ ನಿಂತಾಗ ನಾವು ಮಕ್ಕಳು ಇನ್ನೊಂದರ ನಲ್ಲಿ ತಿರುವಿ ಕೈಕಾಲು ತೊಳೆದೆವು, ಮುಚ್ಚೋದು ಮರೆತೆವು. ತಿರುವಿದ್ದು ನಾನೇ. ಇವತ್ತಿನ ತನಕ ಯಾರಿಗೂ ಹೇಳಿಲ್ಲ.

ಕಣದಲ್ಲಿ ಡೇರೆ ನಿಂತಿತು, ಬಿತ್ತು, ಮತ್ತೆ ನಿಂತಿತು. ಊರ ಮಂದಿ ನಗುತ್ತಾ ನೋಡಿದರು. ಒಲೆ ಹಚ್ಚಿದ ಮೇಲೆ ಗೊತ್ತಾಯಿತು, ಹನಿ ನೀರಿಲ್ಲ. ಬಿಸಿಲಿಗೆ ದೊಡ್ಡಪ್ಪನ ತುಟಿ ಒಡೆದಿತ್ತು. ಆದರೂ ಇಪ್ಪತ್ತು ಹೆಜ್ಜೆ ದೂರದ ಆ ಮನೆ ಕಡೆ ಮುಖ ತಿರುಗಿಸಲಿಲ್ಲ.

ಬಾಗಿಲಲ್ಲಿ ನಿಂತು ಎಲ್ಲಾ ನೋಡುತ್ತಿದ್ದ ಅತ್ತೆ ಕೊಡ ಎತ್ತಿಕೊಂಡು ನಮ್ಮನ್ನು ದಾಟಿ ಊರ ಬಾವಿಗೆ ಹೋದಳು. ಸೇದಿ ತಂದು ಅವನ ಮುಂದೆ ಇಳಿಸಿದಳು.

"ಊರ ಬಾವಿ ನೀರೋ ಅಣ್ಣಾ. ಕೊಡಾನೂ ಈ ಮನೀದಲ್ಲ, ನನ್ನ ಮದುವ್ಯಾಗ ನೀನ ಕೊಟ್ಟಿದ್ದು. ಈಗರ ಕುಡಿ."

ದೊಡ್ಡಪ್ಪ ಗಟಗಟ ಕುಡಿದ. ಕಣ್ಣು ಒರೆಸಿಕೊಂಡು, ಬಿಸಿಲು ಜಾಸ್ತಿ ಐತಿ ಅಂದ.

ಕುಬಸ ಆ ತಾಡಪಾಲಿನ ಕೆಳಗೇ ಆಯಿತು. ಹಸಿರು ಸೀರೆ ಉಟ್ಟ ಹುಡುಗಿಗೆ ನಕ್ಕೂ ನಕ್ಕೂ ಸಾಕಾಗಿತ್ತು. ಮಾಮ ತಾನೇ ಎಲೆ ಹಾಕಿ, ನಮ್ಮದೇ ಬುತ್ತಿಯ ಸಜ್ಜೆ ರೊಟ್ಟಿ ಬಡಿಸಿ, "ಏಳಬ್ಯಾಡ್ರಿ ಭಾವಾರ. ನೀವು ಉಂಡು ಎದ್ದ ಮ್ಯಾಲೇ ಉಳಿದೋರು" ಅಂದ. 

ಅವತ್ತಿಗೆ ಸಿಟ್ಟು ಹೋಯಿತು, ಆಣೆ ಮಾತ್ರ ಹೋಗಲಿಲ್ಲ. ಮುಂದೆ ಪ್ರತಿ ಬೇಸಿಗೆ ಅದೇ ಡೇರೆ, ಅದೇ ಗದ್ದಲ. ಅತ್ತೆ ಮನೆಗೆಲಸ ಬಿಟ್ಟು ಬಂದು ಅದರೊಳಗೆ ಕಾಲು ಚಾಚಿ ಕೂಡುವಳು. "ಎಲ್ಲರೂ ತವರಿಗೆ ಹೋದ್ರ, ನನ್ನ ತವರು ಟ್ರಾಕ್ಟರ್ ಹತ್ತಿ ಬರ್ತೈತಿ" ಅಂತ ಊರಿಗೆಲ್ಲಾ ಹೇಳುವಳು.

ಕೆಲವು ವರ್ಷಗಳ ಮೇಲೆ ಅತ್ತೆ ಹಾಸಿಗೆ ಹಿಡಿದಳು. ಆ ಸಲವೂ ದೊಡ್ಡಪ್ಪ ಡೇರೆ ಹಾಕಿದ, ಬಾಗಿಲು ನೋಡುತ್ತಾ ಕುಂತ. ಅವಳು ಏಳಲಾರಳು ಅಂತ ಮಾಮ ಬಂದು ಹೇಳಿದ. ದೊಡ್ಡಪ್ಪ ಚಪ್ಪಲಿ ಬಿಟ್ಟು ಹೋಗಿ, ಹೊಸ್ತಿಲು ಮುಟ್ಟಿ ಹಣೆಗೊತ್ತಿಕೊಂಡು ಒಳಗೆ ಕಾಲಿಟ್ಟ. ನಾನು ಹಿಂದೆಯೇ ಇದ್ದೆ.

"ಆಣಿ ಮುರದ್ಯಲ್ಲೋ ಅಣ್ಣಾ..." ಅಂದಳು.

"ಬಾಯಾರಿಕೆ ಆಗೈತವ್ವ, ನಿಮ್ಮನಿ ನೀರು ಕೊಡಿಸು" ಅಂದ.

ಆ ತಿಂಗಳೇ ಅತ್ತೆ ಹೋದಳು. ದೊಡ್ಡಪ್ಪ ಮತ್ತೆಂದೂ ಡೇರೆ ಹಾಕಲಿಲ್ಲ. ಈಗ ಅವನೂ ಇಲ್ಲ...

ಮೆಕ್ಕೆಜೋಳಕ್ಕೆ ಹರಪನಹಳ್ಳಿಯಿಂದ ಹೊಸ ತಾಡಪಾಲು ತಂದೆವು. ಈ ಹಳೇದನ್ನು ಮಡಚಿ ಮತ್ತೆ ಅಟ್ಟಕ್ಕೇ ಇಟ್ಟೆ. ಅತ್ತೆಯ ಮನೆಗೆ ಈಗಲೂ ಹೋಗುತ್ತೇನೆ, ಬಸ್ಸಿಳಿದು ಸೀದಾ ಒಳಗೆ ನಡೆಯುತ್ತೇನೆ, ಕೊಟ್ಟ ನೀರು ಕುಡಿಯುತ್ತೇನೆ. ವಾಪಸು ಬರುವಾಗ ಆ ಕಣದ ಕಡೆ ನೋಡಲಿಕ್ಕೆ ಮಾತ್ರ ನನ್ನಿಂದ ಆಗುವುದಿಲ್ಲ.