ಅಮೆರಿಕದವಳಿಗೊಂದು ಅರ್ಚನೆ

ನನ್ನ ಬಾಯಿ ಸರಿಯಿಲ್ಲ. ನಮ್ಮತ್ತೆ ಇದನ್ನು ಮದುವೆಯಾದ ವಾರಕ್ಕೇ ಕಂಡುಹಿಡಿದಿದ್ದರು. ನನಗೆ ಖಾತ್ರಿಯಾಗಲು ಮಾತ್ರ ಅಮೆರಿಕದವರು ಸುಂಕ ಏರಿಸಬೇಕಾಯಿತು.

ದೀಪಾಂಜಲಿ ನಗರದಲ್ಲಿ ಮೆಟ್ರೋ ಇಳಿದು ಹತ್ತು ನಿಮಿಷ ನಡೆದರೆ ಸಿಗುವ ಗಾರ್ಮೆಂಟ್ಸಿನಲ್ಲಿ ನಾನು ಚೆಕರ್. ಹೊಲಿದು ಬಂದ ಶರಟನ್ನು ಮೇಜಿನ ಮೇಲೆ ಹರಡಿ, ಗುಂಡಿ ಎಳೆದು ನೋಡಿ, ತಪ್ಪಿದ್ದ ಕಡೆ ಕೆಂಪು ಬಾಣದ ಸ್ಟಿಕ್ಕರ್ ಅಂಟಿಸುವುದು ನನ್ನ ಕೆಲಸ. ವರ್ಷಗಟ್ಟಲೆ ಮಾಡಿ ಮಾಡಿ ಅದೀಗ ರೋಗವಾಗಿದೆ. ತಂಗಿಯ ಮದುವೆಯಲ್ಲಿ ಅಕ್ಷತೆ ಹಾಕುವಾಗ ನಾನು ಗಂಡಿನ ಮುಖ ನೋಡಲೇ ಇಲ್ಲ, ಅವನ ಕಾಲರಿನಲ್ಲಿ ಬಿಟ್ಟುಹೋಗಿದ್ದ ಎರಡು ಹೊಲಿಗೆ ನೋಡುತ್ತಾ ನಿಂತಿದ್ದೆ. ನಮ್ಮ ಶರಟುಗಳ ಬಟ್ಟೆ ತಮಿಳುನಾಡಿನದು, ಗುಂಡಿ ಚೀನಾದ್ದು, ತೊಡುವವರು ಅಮೆರಿಕದವರು. ಕೆಂಗೇರಿಯ ಮನೆ ಬಿಟ್ಟರೆ ಧರ್ಮಸ್ಥಳ, ಅದರಾಚೆ ಎಲ್ಲಿಗೂ ಹೋಗದ ನಾನು ಅವುಗಳಿಗೆ ಪಾಸು, ಫೇಲು ಕೊಡುತ್ತಿದ್ದೆ.

ನನಗೂ ಫೇಲು ಕೊಡುವವಳೊಬ್ಬಳಿದ್ದಳು. ಶರಟು ಕೊಳ್ಳುವ ಅಮೆರಿಕದ ಕಂಪನಿಯಲ್ಲಿ ನಮ್ಮ ಮಾಲು ಪರೀಕ್ಷಿಸುವ ಹೆಂಗಸು. ಅವಳ ಮುಖ ನಾನು ಕಂಡಿಲ್ಲ, ಹೆಸರೂ ತಿಳಿಯದು. ಅವಳ ಮೇಲ್‌ಗಳನ್ನು ನಮ್ಮ ಫ್ಲೋರ್ ಇನ್‌ಚಾರ್ಜ್ ಕನ್ನಡದಲ್ಲಿ ಓದಿ ಹೇಳುತ್ತಿದ್ದರು. ಗುಂಡಿ ಸಡಿಲ. ದಾರದ ತುದಿ ಉಳಿದಿದೆ. ಒಂದು ವರ್ಷವಂತೂ ಗೌರಿ ಹಬ್ಬದ ದಿನವೇ, ಪ್ಯಾಕಾಗಿದ್ದ ಡಬ್ಬಗಳನ್ನೆಲ್ಲ ಬಿಚ್ಚಿ ದಾರ ಕತ್ತರಿಸಿ ಎಂದಳು. ಬಾಗಿನ ತಂದ ನಮ್ಮಣ್ಣ ಬೀಗ ಹಾಕಿದ ಬಾಗಿಲ ಮುಂದೆ ಕಾದು ಕಾದು ವಾಪಸ್ಸು ಹೋದ. ನಾನು ಕತ್ತರಿ ಕುಕ್ಕಿ, ಇಡೀ ಲೈನಿಗೆ ಕೇಳುವಂತೆ ಅಂದೆ: "ಇವಳ ಕೆಲಸ ಹೋಗ್ಲಿ. ಮನೇಲಿ ಕೂತ್ಕೊಂಡು ದಾರ ಕತ್ತರಿಸ್ಲಿ."

ಎಲ್ಲರೂ ನಕ್ಕರು. ನನಗೂ ಹೆಮ್ಮೆಯಾಯಿತು.

ಮುಂದಿನ ವರ್ಷ ಸುಂಕದ ಸುದ್ದಿ ಬಂತು. ಅಮೆರಿಕ ನಮ್ಮ ದೇಶದ ಮಾಲಿನ ಮೇಲೆ ಸುಂಕ ಏರಿಸಿದೆ ಎಂದು ಇನ್‌ಚಾರ್ಜ್ ಕ್ಯಾಂಟೀನಿನಲ್ಲಿ ಹೇಳಿದಾಗ ನಾನು ಮೊಸರನ್ನ ಕಲಸುತ್ತಲೇ ತೀರ್ಪು ಕೊಟ್ಟೆ. "ಸುಂಕ ಕಟ್ಟೋರು ಅವರು ತಾನೇ? ಕಟ್ಕೊಳ್ಳಲಿ ಬಿಡಿ, ನಮ್ಮದೇನು ಹೋಗುತ್ತೆ?"

ಹೋಗುವುದೇನೆಂದು ತಿಂಗಳೊಳಗೆ ತಿಳಿಯಿತು. ಬಟ್ಟೆಯ ಥಾನುಗಳು ಬರುವುದು ನಿಂತಿತು. "ಅಷ್ಟು ಸುಂಕ ಕಟ್ಟಿ ಕೊಳ್ಳೋಕಾಗಲ್ಲ, ರೇಟ್ ಇಳಿಸಿ ಅಂತಾರಮ್ಮ. ಇಲ್ಲಾಂದ್ರೆ ಬೇರೆ ದೇಶದಲ್ಲಿ ಹೊಲಿಸ್ಕೋತಾರಂತೆ," ಎಂದರು ಇನ್‌ಚಾರ್ಜ್. "ಈ ತಿಂಗಳು ನೋಡ್ತೀವಿ. ಆರ್ಡರ್ ಬರ್ಲಿಲ್ಲ ಅಂದ್ರೆ ನಿಮ್ಮ ಲೈನ್ ಮುಚ್ಚೋದೇ."

ಗಂಡನಿಗೆ ಸೊಂಟ ಹಿಡಿದು ಆಟೋ ಓಡಿಸುವುದು ಬಿಟ್ಟಿದ್ದರು. ಮನೆ ನಡೆಯುತ್ತಿದ್ದುದು ನನ್ನ ಸಂಬಳದಲ್ಲಿ. ನಿಜವಾಗಿಯೂ ಭಯವಾಯಿತು, ಊಟ ಸೇರದಾಯಿತು. ಎದುರು ಮಷೀನಿನ ಗೆಳತಿ ಸಮಾಧಾನ ಹೇಳುತ್ತಾಳೆಂದುಕೊಂಡರೆ, "ನಿನ್ನ ಬಾಯಿ ಕಣೇ," ಅಂದಳು. "ಅವಳಿಗೆ ಹಾಕಿದ ಶಾಪ ನಮಗೆ ತಿರುಗಿದೆ. ಹೋಗಿ ತಪ್ಪುಗಾಣಿಕೆ ಇಟ್ಟು ಬಾ."

ಹೋದೆ. ಹಳದಿ ಬಟ್ಟೆಯ ಚೂರಿನಲ್ಲಿ ಕಾಸು ಕಟ್ಟಿ, ಅಂಚಿನಲ್ಲಿ ದಾರ ನೇತಾಡುತ್ತಿದ್ದುದು ಕಂಡು ಅದನ್ನೂ ಕತ್ತರಿಸಿ, ಫ್ಯಾಕ್ಟರಿ ಹಿಂದಿನ ಗಣಪತಿ ಗುಡಿಗೆ ಒಯ್ದೆ.

"ಯಾರ ಹೆಸರಿಗಮ್ಮ ಅರ್ಚನೆ?" ಎಂದರು ಅರ್ಚಕರು.

"ಹೆಸರು ತಿಳೀದು ಸ್ವಾಮಿ. ಅಮೆರಿಕದಲ್ಲಿದಾರೆ."

"ನಿಮಗೇನಾಗ್ಬೇಕು?"

"ನಾನು ಮಾಡಿದ್ದನ್ನೆಲ್ಲ ಸರಿಯಿಲ್ಲ ಅನ್ನೋರು."

"ಅತ್ತೆಯೋರಾ?"

"ಅಲ್ಲ ಸ್ವಾಮಿ, ಬೈಯರ್ ಕಡೆಯೋರು."

ಅವರು ನನ್ನನ್ನೊಮ್ಮೆ ನೋಡಿ, "ಗೋತ್ರ ತಿಳೀದೇ ಇರೋರಿಗೆ ಶಿವಗೋತ್ರ ಅಂತ ಹೇಳ್ತೀವಿ," ಎಂದರು. ನನಗೆ ಉರಿದುಹೋಯಿತು. ಅದು ನಮ್ಮ ಮನೆಯ ಗೋತ್ರ. ನನ್ನ ಬಾಗಿನ ತಪ್ಪಿಸಿದವಳಿಗೆ ಈಗ ನನ್ನ ಗೋತ್ರವೂ ಬೇಕಿತ್ತೇ? ಆದರೆ ಗರಜು ನನ್ನದು. ಅವಳು ಚೆನ್ನಾಗಿರಲಿ, ಆರ್ಡರ್ ಕಳಿಸಲಿ ಎಂದು ಹಲ್ಲು ಕಚ್ಚಿ ಕೈಮುಗಿದೆ.

ತಿಂಗಳ ಕೊನೆಯ ವಾರ ನಮ್ಮ ರಾಜ್ಯದ್ದೇ ಶಾಲೆಗಳ ಯೂನಿಫಾರಂ ಹೊಲಿಯುವ ಆರ್ಡರ್ ಸಿಕ್ಕಿತು. ಲೈನ್ ಉಳಿಯಿತು. ಮಾಲೀಕರು ಎಲ್ಲೆಲ್ಲಿ ಅಲೆದು ಅದನ್ನು ತಂದರೋ, ನಾನು ಮಾತ್ರ ನನ್ನ ಅರ್ಚನೆಯಿಂದಲೇ ಬಂತೆಂದು ಫ್ಲೋರ್ ತುಂಬ ಹೇಳಿಕೊಂಡು ತಿರುಗಿದೆ. ಎರಡು ದಿನ ನನ್ನನ್ನು ಹಿಡಿಯುವವರಿರಲಿಲ್ಲ.

ಮೂರನೆಯ ದಿನ ಇನ್‌ಚಾರ್ಜ್ ಆ ಅಮೆರಿಕದವಳ ಒಂದು ಮೇಲ್ ಓದಿದರು. ಸುಂಕದಿಂದ ಅಲ್ಲಿ ಶರಟಿನ ಬೆಲೆ ಏರಿ, ವ್ಯಾಪಾರ ಬಿದ್ದು, ಅವಳ ವಿಭಾಗವನ್ನೇ ಮುಚ್ಚಿದ್ದರು. ಅದು ಅವಳ ಕೊನೆಯ ದಿನವಂತೆ. "ಕಡೇ ಲಾಟ್ ಚೆಕ್ ಮಾಡಿದವರಿಗೆ ಹೇಳಿ, ಗುಂಡಿಗಳು ಚೆನ್ನಾಗಿದ್ದವು," ಎಂದು ಬರೆದಿದ್ದಳು.

ಈ ಸಲ ಲೈನಿನಲ್ಲಿ ಯಾರೂ ನಗಲಿಲ್ಲ. ಗೆಳತಿ ನನ್ನ ಕಡೆ ತಿರುಗದೆ ಮಷೀನ್ ತುಳಿಯುತ್ತಿದ್ದಳು. ಆ ಅಮೆರಿಕದವಳ ಮನೆಯೂ ಅವಳ ಸಂಬಳದಲ್ಲೇ ನಡೆಯುತ್ತಿತ್ತೇನೋ ಎಂದು ನಾನು ಒಂದು ದಿನವೂ ಯೋಚಿಸಿರಲಿಲ್ಲ. ನಾಚಿಕೆಯಾಯಿತು. ಯೂನಿಫಾರಂ ಮೇಲೆ ಕಣ್ಣೀರು ಬಿದ್ದರೆ ಕಲೆಯಾದೀತೆಂದು ಸೆರಗಿನಿಂದ ಒರೆಸಿಕೊಂಡೆ.

ಸಂಜೆ ಮತ್ತೆ ಗುಡಿಗೆ ಹೋದೆ. ಅರ್ಚಕರು ಗುರುತು ಹಿಡಿದರು.

"ಅಮೆರಿಕದೋರಿಗೇನಮ್ಮ? ಅವರ ಗೋತ್ರ ವಿಚಾರಿಸ್ಕೊಂಡು ಬಂದ್ರಾ?"

"ನಮ್ಮದೇ ಸ್ವಾಮಿ," ಎಂದೆ. "ಬೇಗ ಕೆಲಸ ಸಿಗಲಿ ಅಂತ ಹೇಳಿ."